ಬಿಳಿ ಟವೆಲ್ ಬೀಸಿದವಳು

ಜೂನ್ 11

ಬೆಳಿಗ್ಗೆಯಿಂದ ಮೂರು ತಲೆಗೆ ಗುಂಗುರು, ಒಂದಕ್ಕೆ ಡೈ. ನನ್ನ ಸೆಲೂನಿನ ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ಕಾಮೆಂಟರಿ. ಮತ್ತೆ ಸೋಲು. 9–1. ಎರಡು ವರ್ಷದ ಹಿಂದೆ ನಮ್ಮ ಗ್ಲೇಜರ್ಸ್ ತಂಡ ಮೊದಲ ಸ್ಥಾನದಲ್ಲಿತ್ತು ಎಂದರೆ ಈಗ ಯಾರು ನಂಬುತ್ತಾರೆ? ಮಾಲೀಕರ ಪಲ್ಲವಿ ಒಂದೇ: ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ಮೂರು ವರ್ಷ ತಾಳಿ. ಕಟ್ಟುವುದಂತೆ! ಇದ್ದ ಗಟ್ಟಿ ಕುಳಗಳನ್ನೆಲ್ಲ ಮಾರಿ, ಮೀಸೆ ಮೂಡದವರನ್ನು ತಂದು ನಿಲ್ಲಿಸಿದ್ದಾರೆ.

ಕಳೆದ ಜುಲೈನಲ್ಲಿ ನನ್ನ ಪ್ರಿಚೆಟ್‌ನನ್ನು ಕೊಟ್ಟರು. ಅವನ ಹಾಗೆ ಚೆಂಡೆಸೆಯುವ ಪಿಚರ್ ಇನ್ನೊಬ್ಬ ಹುಟ್ಟಬೇಕು. ಬದಲಿಗೆ ತಂದದ್ದು ಯಾರನ್ನು? ಯೊರ್ಬಿನ್ ಮೊಂತಾಸ್. ಡೊಮಿನಿಕನ್ ದೇಶದ ಹುಡುಗ, ಇಪ್ಪತ್ತೊಂದು ವರ್ಷ. ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಂತು ಚೆಂಡು ತಡೆಯಬೇಕಾದವನು. ಚೆಂಡು ನೆಲಕ್ಕೆ ಉರುಳಿ ಬಂದರೆ ಹಾವು ಕಂಡವನ ಹಾಗೆ ಹಾರುತ್ತಾನೆ.

ಆದರೂ ಸೀಸನ್ ಟಿಕೆಟ್ ಬಿಟ್ಟಿಲ್ಲ. ಅಪ್ಪನ ಕಾಲದ ಸೀಟು. ಆಟಗಾರರು ಕೂರುವ ಡಗ್‌ಔಟ್‌ನ ಪಕ್ಕದಲ್ಲೇ. ತಂಡ ಸತ್ತರೂ ನಾನು ಬಿಡುವವಳಲ್ಲ. ಬೈಯುವ ಹಕ್ಕೂ ಆ ಟಿಕೆಟ್ಟಿನ ಜೊತೆಗೇ ಬಂದದ್ದು, ಅದನ್ನೂ ಬಿಡುವುದಿಲ್ಲ.

ಜುಲೈ 6

ಒಂದೇ ಇನ್ನಿಂಗ್ಸಿನಲ್ಲಿ ಮೊಂತಾಸ್ ಎರಡು ಸಲ ಚೆಂಡು ಬಿಟ್ಟ. ಎದ್ದು ನಿಂತು ಕೂಗಿದೆ:

"ಲೇ ಮೊಂತಾಸ್! ಕೈಯಲ್ಲಿರೋದು ಗ್ಲೌಸಾ, ಜರಡೀನಾ?"

ಸುತ್ತಲಿನವರೆಲ್ಲ ಬಿದ್ದು ಬಿದ್ದು ನಕ್ಕರು. ಪಕ್ಕದ ಸೀಟಿನ ಡೆಲ್ಫೀನ್ ಮಾತ್ರ ನಗಲಿಲ್ಲ. ಬಸ್ ಓಡಿಸಿ ನಿವೃತ್ತಳಾದವಳು. ನನ್ನ ಪಕ್ಕ ಕೂತು ನನ್ನಷ್ಟೇ ಸೋಲು ಕಂಡಿದ್ದಾಳೆ.

"ಬರ್ನಿ, ಅವನ ಕಿವಿಗೆ ಬೀಳುತ್ತೆ ಕಣೇ."

"ಬೀಳ್ಲಿ ಅಂತಾನೇ ಕೂಗಿದ್ದು."

"ನನ್ನ ಮೊಮ್ಮಗನ ವಯಸ್ಸು, ಪಾಪ."

"ಹಾಗಾದ್ರೆ ನಿನ್ನ ಮೊಮ್ಮಗನನ್ನೇ ತಂದು ನಿಲ್ಸು. ಇವನಿಗಿಂತ ವಾಸಿ ಇರ್ತಾನೆ."

ಸೋಲು. ಎಷ್ಟಕ್ಕೆ ಎಂದು ಬರೆಯುವುದಿಲ್ಲ.

ಜುಲೈ 31, ಸಂಜೆ

ಅಬ್ಬಾ! ಗಂಟಲು ಕಟ್ಟಿದೆ, ನಕ್ಕು ನಕ್ಕು ಪಕ್ಕೆ ನೋವು.

ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇವತ್ತೇ ಕೊನೆಯ ದಿನ. ಈ ದಿನ ಮೈದಾನವನ್ನು ಯಾರು ನೋಡುತ್ತಾರೆ? ಎಲ್ಲರ ಕಣ್ಣೂ ಡಗ್‌ಔಟ್ ಮೇಲೆ. ಆಟದ ಮಧ್ಯೆ ಒಬ್ಬನನ್ನು ಒಳಗೆ ಕರೆದು, ಉಳಿದವರು ಒಬ್ಬೊಬ್ಬರಾಗಿ ತಬ್ಬಿಕೊಂಡರೆ ಮುಗಿಯಿತು — ಮಾರಾಟವಾದ ಎಂದೇ ಅರ್ಥ. ಪ್ರಿಚೆಟ್ ಹೋದದ್ದೂ ಹಾಗೆಯೇ. ಅವತ್ತು ಅತ್ತಿದ್ದೆ.

ಇವತ್ತು ಆರನೇ ಇನ್ನಿಂಗ್ಸ್. ಮ್ಯಾನೇಜರ್ ಕೈ ಬೀಸಿ ಕರೆದದ್ದು ಯಾರನ್ನು? ಮೊಂತಾಸ್‌ನನ್ನು! ಒಳಗೆ ಬಂದವನನ್ನು ಒಬ್ಬರಾದ ಮೇಲೊಬ್ಬರು ತಬ್ಬಿದರು. ಮುದಿ ಕ್ಯಾಚರ್ ಅಂತೂ ಬಿಡಲೇ ಇಲ್ಲ.

"ಮಾರಿದ್ರು! ಪೀಡೆ ತೊಲಗ್ತು!" ಸೀಟಿನಿಂದ ಚಿಮ್ಮಿ ನಿಂತೆ. ಗೇಟಿನಲ್ಲಿ ಬಿಟ್ಟಿ ಕೊಟ್ಟ ಬಿಳಿ ಟವೆಲ್ ಕೈಯಲ್ಲಿತ್ತು. ಬೀಸಿದೆ. "ಹೋಗ್ಬಾರಪ್ಪಾ! ಆ ಜರಡಿ ಮರೀಬೇಡ!" ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದೇ ಟವೆಲಿನಲ್ಲಿ ಒರೆಸಿಕೊಂಡೆ. ಅಷ್ಟರಲ್ಲಿ ಕ್ಯಾಮೆರಾ ನನ್ನ ಮೇಲೆ! ದೊಡ್ಡ ಪರದೆಯ ತುಂಬ ನಾನೇ. ಇನ್ನೂ ಜೋರಾಗಿ ಬೀಸಿದೆ.

ಡೆಲ್ಫೀನ್ ನನ್ನ ಅಂಗಿ ಜಗ್ಗಿದಳು. "ಸಾಕು, ಕೂತ್ಕೊಳೇ."

ಆಗಸ್ಟ್ 1, ಬೆಳಿಗ್ಗೆ 6

ಮಾರಿಲ್ಲ.

ಅವನ ಅಪ್ಪ ತೀರಿಕೊಂಡದ್ದು. ಊರಿನಲ್ಲಿ, ಮೀನು ಹಿಡಿಯಲು ಹೋದ ದೋಣಿ ಮಗುಚಿ. ಈಗ ರೇಡಿಯೋದಲ್ಲಿ ಹೇಳಿದರು. ಆಟದ ಮಧ್ಯೆ ಫೋನ್ ಬಂತಂತೆ.

ಕಾಫಿ ಚೆಲ್ಲಿತು. ಒರೆಸಿಲ್ಲ.

ಅಪ್ಪ ಸತ್ತ ಸುದ್ದಿ ಕೇಳಿದವನಿಗೆ ನಾನು ಟವೆಲ್ ಬೀಸಿದೆ. ಹೋಗ್ಬಾರಪ್ಪಾ ಎಂದೆ. ಅಯ್ಯೋ ದೇವರೇ...

ಆಗಸ್ಟ್ 4

ಮೂರು ದಿನ ಸೆಲೂನ್ ತೆಗೆಯಲಿಲ್ಲ. ಮುಖಕ್ಕೆ ಉಗಿಯುತ್ತಾರೆ ಎಂದುಕೊಂಡೇ ಇವತ್ತು ಬಾಗಿಲು ತೆರೆದೆ.

ಮಿಸೆಸ್ ಹ್ರುಸ್ಕಾ ಒಳಗೆ ಬಂದವಳೇ ನನ್ನ ಕೆನ್ನೆ ಸವರಿದಳು. "ಎಂಥಾ ಕರುಳು ಕಣಮ್ಮಾ ನಿಂದು!" ಫೋನಿನಲ್ಲಿ ತೋರಿಸಿದಳು. ನಾನೇ. ಟವೆಲ್ ಬೀಸುತ್ತಿದ್ದೇನೆ, ಕಣ್ಣು ಒರೆಸಿಕೊಳ್ಳುತ್ತಿದ್ದೇನೆ. ನನ್ನ ಮಾತು ಒಂದೂ ಕೇಳಿಸುವುದಿಲ್ಲ. ಕಾಮೆಂಟರಿಯವನ ದನಿ ಮಾತ್ರ: "ನೋಡಿ, ನಮ್ಮ ಅಭಿಮಾನಿಯೊಬ್ಬರು ಅಳುತ್ತಾ ಮೊಂತಾಸ್‌ನನ್ನು ಬೀಳ್ಕೊಡ್ತಿದಾರೆ." ಊರಿಗೆ ಊರೇ ನೋಡಿದೆಯಂತೆ. ನಾನು ಒಳ್ಳೆಯವಳಂತೆ.

ಅವಳ ಕೂದಲು ಕತ್ತರಿಸಿದೆ. ಥೂ ನನ್ನ ಜನ್ಮಕ್ಕೆ.

ಡೆಲ್ಫೀನ್‌ಗೆ ಫೋನ್ ಮಾಡಿದೆ.

"ನೋಡ್ದೆ. ಸಂತಳಾಗಿಬಿಟ್ಟಿದೀಯ," ಎಂದಳು.

"ಏನ್ ಮಾಡ್ಲಿ ಈಗ?"

"ನನ್ನ ಯಾಕೆ ಕೇಳ್ತೀಯ? ಕೂಗೋವಾಗ ಕೇಳಿದ್ಯಾ?"

ಆಗಸ್ಟ್ 11

ತಂಡದ ಆಫೀಸಿನಿಂದ ಕರೆ. ಮೊಂತಾಸ್ ಶುಕ್ರವಾರ ವಾಪಸ್ ಬರುತ್ತಾನೆ, ತಾಯಿಯನ್ನೂ ಕರೆದುಕೊಂಡು. ಆಕೆ ಆ ವಿಡಿಯೋ ನೋಡಿದ್ದಾಳೆ. ಅಷ್ಟು ಸಾವಿರ ಜನರಲ್ಲಿ ತನ್ನ ಮಗನಿಗಾಗಿ ಎದ್ದು ನಿಂತು ಅತ್ತವಳನ್ನು ಕಣ್ಣಾರೆ ನೋಡಬೇಕಂತೆ.

ಆಗುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಬರ್ತೀನಿ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಬಾಯಿಯಿಂದ ಬರುವುದೆಲ್ಲ ಹೀಗೇ.

ನಿಜ ಹೇಳಬೇಕು. ಹೇಳಿದರೆ ಆ ತಾಯಿ ಏನಾಗುತ್ತಾಳೆ? ಹೇಳದಿದ್ದರೆ ನಾನು ಆ ಸೀಟಿನಲ್ಲಿ ಹೇಗೆ ಕೂರಲಿ?

ಆಗಸ್ಟ್ 14, ಸಂಜೆ

ಈಗಷ್ಟೇ ಆ ತಾಯಿ-ಮಗನನ್ನು ಕಂಡು ಬಂದೆ. ಸೀಟಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಜನ ಇನ್ನೂ ಬಂದಿಲ್ಲ.

ತಾಯಿ ನನಗಿಂತ ಚಿಕ್ಕವಳು. ಕಪ್ಪು ಉಡುಪು. ನನ್ನ ಎರಡೂ ಕೈ ಹಿಡಿದುಕೊಂಡಳು, ಬಿಡಲಿಲ್ಲ. ಇಂಗ್ಲಿಷ್ ಬಾರದು. ಮಗನೇ ನಡುವೆ ನಿಂತು ತಿಳಿಸಿದ.

"ನನ್ನ ಮಗ ಪರದೇಶದಲ್ಲಿ ಒಬ್ಬನೇ ಅತ್ತ ಅಂದ್ಕೊಂಡಿದ್ದೆ, ಆದ್ರೆ ನೀವಿದ್ರಿ — ಅಂತಿದಾರೆ ಅಮ್ಮ."

ತಡೆಯಲಾಗಲಿಲ್ಲ. "ನಾನು ಅಳ್ತಿರಲಿಲ್ಲ ಕಣಪ್ಪಾ. ನಗ್ತಿದ್ದೆ. ನಿನ್ನ ಮಾರಿದ್ರು ಅಂತ ಖುಷಿಗೆ ಟವೆಲ್ ಬೀಸ್ದೆ. ಅಮ್ಮನಿಗೆ ಹೇಳು. ಒಂದಕ್ಷರ ಬಿಡದೆ ಹೇಳು."

ನನ್ನನ್ನೇ ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿ ಏನೋ ಹೇಳಿದ. ಅವಳ ಕಣ್ಣು ತುಂಬಿತು. ನನ್ನ ಕೈಗೆ ಮುತ್ತಿಟ್ಟಳು.

"ಏನ್ ಹೇಳ್ದೆ ಅವರಿಗೆ?"

"ನೀವೂ ನಿಮ್ಮಪ್ಪನ್ನ ನೆನೆಸ್ಕೊಂಡು ಅತ್ರಿ ಅಂತ."

"ಯಾಕೆ... ಸುಳ್ಳು ಯಾಕೆ ಹೇಳ್ದೆ?"

"ನೀವು ಕೂಗಿದ್ದು ನಂಗೆ ಅವತ್ತೇ ಕೇಳಿಸ್ತು. ನಿಮ್ಮ ದನಿ ಗೊತ್ತಿಲ್ವಾ ನಂಗೆ? ಬಂದ ದಿನದಿಂದ ಕೇಳ್ತಿದೀನಿ." ಸಿಟ್ಟಿಲ್ಲ, ನಗುವೂ ಇಲ್ಲ. "ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ಆ ವಿಡಿಯೋ ನೋಡ್ಕೊಂಡೇ ಮಲಗ್ತಾರೆ. ಅದನ್ನೂ ಕಿತ್ಕೋಬೇಡಿ."

ಕಪಾಳಕ್ಕೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊರಟವನು ತಿರುಗಿ ನಿಂತು ಹೇಳಿದ, ಅಮ್ಮ ಇವತ್ತು ನಿಮ್ಮ ಪಕ್ಕದಲ್ಲೇ ಕೂರಬೇಕಂತೆ.

7:15

ಆಟ ಶುರು. ಡೆಲ್ಫೀನ್ ಒಂದು ಸೀಟು ಆಚೆ ಸರಿದು ಜಾಗ ಬಿಟ್ಟಳು. ತಾಯಿ ನನ್ನ ಬಲಕ್ಕೆ. ಏನು ಬರೆಯುತ್ತಿದ್ದೀ ಎಂದು ಸನ್ನೆಯಲ್ಲೇ ಕೇಳಿದಳು. ತಲೆ ಅಲ್ಲಾಡಿಸಿದೆ.

ಚೆಂಡು ಅವನ ಕಡೆಗೇ ಉರುಳಿತು. ಸುಲಭದ್ದು. ಗ್ಲೌಸಿಗೆ ಬಡಿದು ಆಚೆ ಹಾರಿತು. ಯಾರೂ ಉಸಿರೆತ್ತುತ್ತಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದಾನೆ.

ತಾಯಿ ನನ್ನ ತೋಳು ಹಿಡಿದು ಎಳೆಯುತ್ತಿದ್ದಾಳೆ. ಏಳು ಅಂತ. ಕೂಗು ಅಂತ. ಅವನ ಹೆಸರು ಹಿಡಿದು, ಗಟ್ಟಿಯಾಗಿ, ಅವನಿಗೆ ಧೈರ್ಯ ಬರುವ ಹಾಗೆ. ಈ ಬಾಯಿಂದ —