ಹಿಂಬಾಗಿಲಲ್ಲಿ ನಿಲ್ಲುತ್ತಿದ್ದವನಿಗೆ

ಅಪ್ಪಾ,

ನೀನು ತೀರಿಕೊಂಡು ಐದು ತಿಂಗಳಾಯಿತು, ಈ ಪತ್ರವನ್ನು ಯಾವ ಅಂಚೆ ಡಬ್ಬಿಗೂ ಹಾಕುವಂತಿಲ್ಲ. ಆದರೂ ಇವತ್ತು ಡಬ್ಲಿನ್ನಿನ ಕಾಲೇಜಿನಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ನಮಗೆ ಪಾಠಕ್ಕಿಟ್ಟ ಕಾದಂಬರಿಯಲ್ಲಿ ಒಬ್ಬ ಸಾಮಾನ್ಯ ಐರಿಶ್ ರೈತನ ಇಡೀ ಜೀವನವಿದೆ. ಅವನ ಊರಿಗೆ ಕರೆಂಟು ಬರುತ್ತದೆ, ಟೀವಿ ಬರುತ್ತದೆ, ವಿಚ್ಛೇದನದ ಕಾನೂನೂ ಬರುತ್ತದೆ. ಅವನು ಮಾತ್ರ ಪ್ರತಿ ಭಾನುವಾರ ಚರ್ಚಿನ ಹಿಂಬಾಗಿಲಲ್ಲೇ ನಿಂತು, ಟೋಪಿಯನ್ನು ನೆಲಕ್ಕೆ ಹಾಸಿ ಅದರ ಮೇಲೆ ಒಂದೇ ಮೊಣಕಾಲೂರುತ್ತಾನೆ.

"ಬೆಂಚು ಖಾಲಿ ಇದ್ರೂ ಬಾಗ್ಲಲ್ಲೇ ಯಾಕಂತೆ? ಪಬ್‌ಗೆ ಮೊದ್ಲು ಓಡೋಕಾ?" ಎಂದು ಸಹಪಾಠಿ ಫಿಯಾಕ್ರ ಹೇಳಿದ್ದಕ್ಕೆ ಎಲ್ಲರೂ ನಕ್ಕರು.

ಮೇಡಂ ನನ್ನತ್ತ ತಿರುಗಿ, "ನೀನು ಇಂಥೋರನ್ನ ನೋಡಿದೀಯೇನಮ್ಮ?" ಎಂದರು.

"ಇಲ್ಲ ಮೇಡಂ, ನಮ್ಮಮ್ಮ ಇಂಗ್ಲೆಂಡಿನವರು, ನಾನು ಓದಿದ್ದೆಲ್ಲ ಅಲ್ಲೇ ಹಾಸ್ಟೆಲ್‌ನಲ್ಲಿ" ಎಂದೆ.

ನನ್ನ ಉಚ್ಚಾರ ಕೇಳಿ ನಂಬಿಬಿಟ್ಟರು. ಆ ಉಚ್ಚಾರಕ್ಕಾಗಿಯೇ ತಾನೇ ನನ್ನ ಹತ್ತನೇ ವಯಸ್ಸಿಗೆ ನೀನು ನನ್ನನ್ನು ಇಂಗ್ಲೆಂಡಿನ ಹಡಗು ಹತ್ತಿಸಿದ್ದು? "ನನ್ನ ಹಾಗೆ ಮಾತಾಡ್ಬೇಡ ಮಗಳೇ, ಜನ ಆಡ್ಕೋತಾರೆ" ಅಂದಿದ್ದೆ. ಈಗ ಯಾರೂ ಆಡಿಕೊಳ್ಳುವುದಿಲ್ಲ, ಸಂತೋಷವೇ?

ರಜೆಯಲ್ಲಿ ಇಲ್ಲಿನ ನಮ್ಮ ಹಳ್ಳಿಗೆ ಬಂದಾಗ ನಾನು ಚರ್ಚಿನ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದೆ, ನೀನು ಬಾಗಿಲಲ್ಲಿರುತ್ತಿದ್ದೆ. ಇವತ್ತು ನಿಜ ಹೇಳಿದ್ದರೂ, ನಿಮ್ಮಪ್ಪ ಯಾಕೆ ಒಳಗೆ ಬರುತ್ತಿರಲಿಲ್ಲವೆಂದು ಅವರು ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ನಾನು ನಿನ್ನನ್ನು ಒಮ್ಮೆಯೂ ಕೇಳಿರಲಿಲ್ಲ.