ದೇವದಾರಿ ಖೋಕಾ

ಬೆಂಗೇರಿ, ಹುಬ್ಬಳ್ಳಿ
೧೧ ನವೆಂಬರ್ ೨೦೨೪

ಪ್ರೀತಿಯ ಗೀತಾಂಜಲಿ ಅಕ್ಕಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮಿರಜಿನ ಥಂಡಿಗೆ ಹೆಚ್ಚಾಗಿರಬೇಕು. ಮಾಮಾ ಆರಾಮವೇ? ಅವ್ವನನ್ನು ಹಳೇ ಹುಬ್ಬಳ್ಳಿಯ ಮನೆಯಿಂದ ಇಲ್ಲಿಗೆ ಕರೆತಂದೆನೆಂದು ನೀನು ಮಾತು ಬಿಟ್ಟಿದ್ದೀ. ಫೋನ್ ಮಾಡಿದರೆ ನನ್ನ ದನಿ ಕೇಳಿದ್ದೇ ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಹರಿದು ಒಗೆಯಬೇಡ ತಾಯೀ, ಪೂರ್ತಿ ಓದು.

ಅವ್ವನ ಕೋಣೆಗೆ ಗೋಡೆ ತುಂಬ ದೇವದಾರು ಹಲಗೆ ಹೊಡೆಸಿದೆ. ಹುಳ ಹಿಡಿಯುವುದಿಲ್ಲ, ಘಮಘಮ ಇರುತ್ತದೆ ಎಂದರು. ಬಂದವರೆಲ್ಲ 'ಭಾಳ ಛಲೋ ಆಗೇತಿ' ಎಂದಾಗ ನಾನೂ ಉಬ್ಬಿದೆ. ಅವ್ವ ಮಾತ್ರ ಒಳಗೆ ಕಾಲಿಟ್ಟು, ಮೂಸಿ ನೋಡಿ, 'ನನ್ನ ಖೋಕಾದಾಗ ಹಾಕಿದೇನೋ ಶಶೀ?' ಎಂದಳು. ನೆನಪಿದೆಯಲ್ಲ, ಅಪ್ಪನ ಬಳೆ ಅಂಗಡಿಗೆ ಮಾಲು ಬರುತ್ತಿದ್ದ ಹಲಗೆಪೆಟ್ಟಿಗೆಗಳು? ಯಾವ ಮರದ್ದಾದರೂ ನಮ್ಮ ಓಣಿಯಲ್ಲಿ ಅದಕ್ಕೆ ದೇವದಾರಿ ಖೋಕಾ ಎಂದೇ ಹೆಸರು. ಮೊಳೆ ಕಿತ್ತು, ಹುಲ್ಲು ಸರಿಸಿ ಬಳೆ ತೆಗೆಯುತ್ತಿದ್ದವಳು ಅವ್ವನೇ. ಈಗ ಅವಳ ತಲೆಯಲ್ಲಿ ಊರು, ಹೊತ್ತು, ಮುಖ ಎಲ್ಲ ಕಲಸಿಹೋಗಿವೆ. ಖೋಕಾ ಮಾತ್ರ ಗಟ್ಟಿಯಾಗಿ ಉಳಿದಿದೆ.

ಅವತ್ತು ನಾನು ನಕ್ಕೆ, ಅಕ್ಕಾ. ನಗುವ ಮಾತಾಗಿರಲಿಲ್ಲ. ಈಗ ಅವಳು ತಾನೇ ಖೋಕಾ ಎಂದುಕೊಂಡು ಮಗ್ಗುಲೂ ಬದಲಿಸುವುದಿಲ್ಲ. 'ಹೊಳ್ಳಸಬ್ಯಾಡ್ರಿ, ಒಳಗ ಬಳಿ ಅದಾವ, ಒಡಿತಾವ' ಎನ್ನುತ್ತಾಳೆ. ಬೆನ್ನಿಗೆ ಹುಣ್ಣಾಗಿದೆ. ಸುಮಲತಾ ಗಂಜಿ ಹಿಡಿದು ಕೂತರೆ, 'ಖೋಕಾಕ್ಕ ಯಾರರ ಉಣಸ್ತಾರೇನ ಹುಚ್ಚಿ?' ಎಂದು ಬಾಯಿ ಮುಚ್ಚುತ್ತಾಳೆ. ಪಾಪ, ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಅಳುತ್ತಾಳೆ. ಬೇರೆ ಕೋಣೆಯಲ್ಲಿ ಮಲಗಿಸಿದರೂ ಅದೇ ಹಾಡು. ಸತ್ತೂರಿನ ಡಾಕ್ಟರು, 'ಹಿಂಗ ಉಣ್ಣದಿದ್ರ ಭಾಳ ದಿನ ಇಲ್ರಿ' ಎಂದುಬಿಟ್ಟರು. ಸುಡಲಿ ಈ ಹಲಗೆ ಎಂದು ನಿನ್ನೆ ಕೀಳಲು ಹೋದೆ. ಅವ್ವ ಚೀರಿದಳು: 'ಮಾಲು ಊರು ಮುಟ್ಟೂ ಮೊದಲ ಖೋಕಾ ಒಡೀಬಾರದೋ! ಒಡದ ಬಳಿ ಯಾರ ತಗೋತಾರ?' ಸುತ್ತಿಗೆ ಅಲ್ಲೇ ಇಟ್ಟು ಹೊರಬಂದೆ. ಕಿತ್ತರೂ ಕಷ್ಟ, ಬಿಟ್ಟರೂ ಕಷ್ಟ. ನನಗೆ ದಾರಿಯೇ ಕಾಣುತ್ತಿಲ್ಲ ಅಕ್ಕಾ.

ಮಾಮಾಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಬೈಗುಳಕ್ಕಾದರೂ ಕಾದಿರುವ ತಮ್ಮ,
ಶಶಿಕುಮಾರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವ್ವನ ಕೋಣೆಗೆ ಹೋಗಿದ್ದೆ. ಹಾಸಿಗೆ ಪಕ್ಕದ ಹಲಗೆಯ ಮೇಲೆ ವಿಭೂತಿಯಿಂದ ಸೊಟ್ಟಸೊಟ್ಟ ವಿಳಾಸ ಬರೆದಿದ್ದಾಳೆ: ಗೀತಾಂಜಲಿ, ಮಿರಜ. ನನ್ನನ್ನು ನೋಡಿ, 'ಲಗೂ ಎತ್ತೋ ಹಮಾಲಾ' ಎಂದಳು. ಅವಳನ್ನು ಅಷ್ಟು ದೂರ ಒಯ್ಯಬೇಡಿ ಎಂದಿದ್ದಾರೆ ಡಾಕ್ಟರು. ನೀನೇ ಬಾ. ಬಾಗಿಲಲ್ಲಿ ನಿಂತು, 'ಮಾಲು ಮುಟ್ಟೇತಿ, ಒಂದ ಬಳಿನೂ ಒಡದಿಲ್ಲ' ಎಂದು ಹೇಳು. ನನ್ನನ್ನು ಆಮೇಲೆ ಬೈ.