ತೆಂಗಿನಹಾಲಿನ ಐಸ್‌ಕ್ರೀಮ್

ರಾಯದುರ್ಗ

ಅಮ್ಮ,

ಫೋನ್ ಮಾಡಿದರೆ ಅತ್ತೆ ಪಕ್ಕದಲ್ಲೇ ಬಂದು ಕೂರುತ್ತಾರೆ, ಅದಕ್ಕೇ ಈ ಪತ್ರ. ನಿನ್ನ ಕಣ್ಣಿನ ಆಪರೇಷನ್‌ಗೆ ಮಡಕಶಿರಕ್ಕೆ ಬರಲು ಅವರ ಒಪ್ಪಿಗೆ ಬೇಕಿತ್ತು. ಅವರಿಗೆ ಹಾಲು ಒಗ್ಗುವುದಿಲ್ಲ, ಆದರೆ ಐಸ್‌ಕ್ರೀಮ್ ಎಂದರೆ ಆಸೆ. ಮಾವಿನಹಣ್ಣು, ಬಾಳೆಹಣ್ಣು ರುಬ್ಬಿ, ಗಟ್ಟಿ ತೆಂಗಿನಹಾಲು ಬೆರೆಸಿ ಫ್ರೀಜರ್‌ನಲ್ಲಿಟ್ಟೆ. ನಡುವೆ ತೆಗೆದು ಮತ್ತೊಮ್ಮೆ ರುಬ್ಬಿದ್ದಕ್ಕೆ ಬೆಣ್ಣೆಯಂತೆ ಬಂತು.

ಬಟ್ಟಲು ಖಾಲಿ ಮಾಡಿ ನನ್ನ ಕೆನ್ನೆ ಸವರಿದರು. ಆಗ ಕೇಳಿದೆ.

“ನಿನ್ನ ಕಳಿಸಿಬಿಟ್ರ ಇಂಥಾದ್ದು ನನಗ್ಯಾರು ಮಾಡಿಕೊಡ್ತಾರವ್ವಾ?” ಎಂದರು. ತಾಯಿಯ ಮಾತಿಗೆ ಇವರೂ ನಕ್ಕರು. ಈಗ ದಿನಾ ಮಾಡುತ್ತಿದ್ದೇನೆ.

ಅಣ್ಣನನ್ನು ಕಳಿಸು. ಫೋನ್ ಮಾಡದೆ ಬರಲಿ. ಎಷ್ಟು ಉಪಚಾರ ಮಾಡಿದರೂ ಕೂರದೆ, ಬಾಗಿಲಲ್ಲೇ ನಿಂತು ನನ್ನ ಹೆಸರು ಕೂಗಲಿ. ಉಟ್ಟ ಸೀರೆಯಲ್ಲೇ ಹೊರಟುಬರುತ್ತೇನೆ.

ನಿನ್ನ ಮಗಳು,
ಶೃತಿ